ನೂರೆಲೆಯ ಕಟ್ಟು

ಇಸ್ಪೀಟಾಡುವವನಿಗೆ ನಮ್ಮಲ್ಲಿ ಎಷ್ಟು ಮರ್ಯಾದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಬೀಜಗಣಿತಕ್ಕೆ ಹೆದರಿ ಓಡುತ್ತಿದ್ದ ಹುಡುಗರನ್ನು ಹಿಡಿದು ತಂದು ಪಾಸು ಮಾಡಿಸಿ ನಿವೃತ್ತನಾದವನು ನಾನು. ಆದರೂ ಮೈಸೂರಿನ ನಮ್ಮ ಬೀದಿಯಲ್ಲಿ ಜನ ನನ್ನನ್ನು ಗುರುತಿಸುವುದು, “ಸಾಯಂಕಾಲ ಆ ಜಗುಲಿ ಮೇಲೆ ಎಲೆ ಹಿಡಿದು ಕೂತಿರ್ತಾರಲ್ಲ, ಅವರು” ಎಂದೇ. ಆದ್ದರಿಂದ ಅಮೆರಿಕಕ್ಕೆ ಹೊರಟಾಗ, ಉಪ್ಪಿನಕಾಯಿಯ ಡಬ್ಬಕ್ಕೂ ಸಾರಿನ ಪುಡಿಗೂ ನಡುವೆ ನಾನು ತುರುಕಿದ್ದ ಎರಡು ಪ್ಯಾಕು ಇಸ್ಪೀಟನ್ನು ನಮ್ಮಾಕೆ ಹೊರಕ್ಕೆ ತೆಗೆದಿಟ್ಟು, “ಮಗಳ ಮನೆಗೆ ಹೋಗೋವಾಗಲೂ ಇದೇನ್ರೀ? ಮೊಮ್ಮಗ ನೋಡಿ ಕಲೀಬೇಕೆ?” ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮಗಳ ಮನೆ ಸಿಯಾಟಲ್ ನಗರದ ಪಕ್ಕದಲ್ಲಿ. ನಾವು ಹೋಗಿ ಇಳಿದದ್ದು 2025ರ ಮಾರ್ಚಿ ತಿಂಗಳು. ಅಲ್ಲಿಯ ಮಳೆ ನಮ್ಮ ಮಲೆನಾಡಿನ ಮಳೆಯಂತೆ ಗುಡುಗಿ ಬರುವುದಿಲ್ಲ. ಸಾಲ ಕೇಳಲು ಬಂದ ನೆಂಟನ ಹಾಗೆ ಸದ್ದಿಲ್ಲದೆ ಬಂದು, ಹೋಗುವ ಮಾತೇ ಎತ್ತುವುದಿಲ್ಲ. ಮಾರನೆಯ ದಿನ ಬೆಳಿಗ್ಗೆ, ಹೊರಗೆ ತಿರುಗಾಡುವಂತಿಲ್ಲದ್ದರಿಂದ, ಮೊಮ್ಮಗನ ಕೋಣೆಗೆ ಹೋಗಿ ನೋಡುತ್ತೇನೆ: ಕೋಣೆಯ ತುಂಬ ಎಲೆಗಳು! ಮಂಚದ ಮೇಲೆ, ಮೇಜಿನ ಮೇಲೆ, ಬೂಟಿನ ಪೆಟ್ಟಿಗೆಗಳಲ್ಲಿ, ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಲಕೋಟೆ ತೊಡಿಸಿ ಜೋಡಿಸಿಟ್ಟಿದ್ದಾನೆ. ನಮ್ಮಾಕೆಯನ್ನು ಕರೆದು ತೋರಿಸಿದೆ. ನನ್ನ ಜನ್ಮದಲ್ಲಿ ಅಂಥ ಸಂತೋಷ ಇನ್ನೆರಡು ಸಲ ಬಂದಿದ್ದರೆ ಹೆಚ್ಚು.

ಅವು ನಮ್ಮ ರಾಜ, ರಾಣಿ, ಗುಲಾಮರ ಎಲೆಗಳಲ್ಲ. ಒಂದರಲ್ಲಿ ಬೆಂಕಿಯುಗುಳುವ ಡ್ರ್ಯಾಗನ್, ಇನ್ನೊಂದರಲ್ಲಿ ಮಂತ್ರವಾದಿ, ಮತ್ತೊಂದರಲ್ಲಿ ಬರಿಯ ಕಾಡು. ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ ಆ ಎಲೆ ಏನು ಮಾಡಬಲ್ಲದೆಂಬ ವಿವರ. ಮೈಸೂರಿನವನಾದ ನನಗೆ ಎಲೆಯ ಮೇಲೆ ಚಿತ್ರ ಬರೆದರೆ ಆಶ್ಚರ್ಯವಾಗಬಾರದು. ದಶಾವತಾರದ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳಿರುತ್ತವೆ; ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳ ಮೇಲೆ ಎಷ್ಟು ಮೋಹವೆಂದರೆ ತಾವೇ ಹೊಸ ಹೊಸ ಆಟಗಳನ್ನು ಹೂಡುತ್ತಿದ್ದರು. ಆದರೆ ಅಲ್ಲಿ ಕಟ್ಟು ಒಂದೇ, ಆಡುವವರು ಅದನ್ನು ಹಂಚಿಕೊಳ್ಳುತ್ತಾರೆ. ಈ ಹುಡುಗನ ಆಟದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಕಟ್ಟನ್ನು ಮನೆಯಿಂದಲೇ ಕಟ್ಟಿಕೊಂಡು ಬರಬೇಕು. ಆಟದ ಅರ್ಧ ಕೋಣೆಯಲ್ಲೇ ಮುಗಿದಿರುತ್ತದೆ.

ಆಟದ ಹೆಸರು ಮ್ಯಾಜಿಕ್. ಇದನ್ನು ಹುಟ್ಟಿಸಿದಾತ ನನ್ನ ಕಸುಬಿನವನೇ ಎಂದು ತಿಳಿದಾಗ ಎದೆ ಸ್ವಲ್ಪ ಉಬ್ಬಿತು. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ. ಜೋಡಣೆಗಳ ಲೆಕ್ಕದಲ್ಲಿ ಡಾಕ್ಟರೇಟ್ ಮಾಡಿ ಇದೇ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಬೇರೊಂದು ಆಟವನ್ನು ಮಾರಲು ವಿಜ಼ರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಆಗಿನ ಪುಟ್ಟ ಕಂಪನಿಯ ಬಳಿಗೆ ಹೋದನಂತೆ. “ಅದನ್ನು ತಯಾರಿಸುವಷ್ಟು ದುಡ್ಡು ನಮ್ಮಲ್ಲಿಲ್ಲ, ಕೈಯಲ್ಲಿ ಹಿಡಿದು ಹೋಗುವಂಥ, ಬೇಗ ಮುಗಿಯುವಂಥ ಆಟ ಕೊಡು” ಎಂದರಂತೆ. ಅವನು ಕೊಟ್ಟದ್ದು 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂತು. ಮುಚ್ಚಿದ ಪೊಟ್ಟಣದಲ್ಲಿ ಎಲೆಗಳನ್ನು ಮಾರುವುದು. ಒಳಗೆ ಯಾವುದಿದೆಯೋ ಒಡೆದವನಿಗೇ ಗೊತ್ತು. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ಗೆಳೆಯರಿಂದ ಪಡೆಯುವುದು. ಈಗ ಇಪ್ಪತ್ತೈದು ಸಾವಿರಕ್ಕೂ ಮೀರಿ ಬಗೆಬಗೆಯ ಎಲೆಗಳಿವೆ.

ಮೊಮ್ಮಗ ಆಡುತ್ತಿದ್ದುದು ಇದರಲ್ಲೇ ಕಮ್ಯಾಂಡರ್ ಎಂಬ ಪಂಗಡ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅಲಾಸ್ಕದ ಒಂದು ಗೆಳೆಯರ ಗುಂಪಿನಲ್ಲಿ ಹುಟ್ಟಿದ ಆಟ ಅದು. ಪಂದ್ಯಗಳ ತೀರ್ಪುಗಾರರು ಅದನ್ನು ಎತ್ತಿಕೊಂಡರು. ಹಗಲೆಲ್ಲ ಯಾರು ಗೆದ್ದರು, ಯಾರು ಮೋಸ ಮಾಡಿದರು ಎಂದು ತೀರ್ಪು ಹೇಳಿ ಸಾಕಾದವರಿಗೆ ರಾತ್ರಿ ನಾಲ್ಕು ಜನ ಕೂತು ಹರಟುತ್ತ ಆಡುವ ಆಟವೊಂದು ಬೇಕಾಗಿತ್ತೆಂದು ಕಾಣುತ್ತದೆ. ಶೆಲ್ಡನ್ ಮೆನೆರಿ ಎಂಬ ತೀರ್ಪುಗಾರ ಇದನ್ನು ಊರೂರಿಗೆ ಹಬ್ಬಿಸಿದ; 2023ರಲ್ಲಿ ತೀರಿಕೊಂಡ. ಕಂಪನಿಯೇ ಇದಕ್ಕೆಂದು ಸಿದ್ಧ ಕಟ್ಟುಗಳನ್ನು ಮಾಡಿ ಮಾರಿದ್ದು 2011ರಲ್ಲಿ.

ನಿಯಮಗಳು ನೂರಾರು, ಓದುಗರನ್ನು ಅವುಗಳಲ್ಲಿ ಮುಳುಗಿಸುವುದಿಲ್ಲ. ಕಟ್ಟಿನಲ್ಲಿ ಸರಿಯಾಗಿ ನೂರು ಎಲೆ. ಒಂದು ದಳಪತಿ, ಅವನು ಕಟ್ಟಿನ ಹೊರಗೆ ಎಲ್ಲರಿಗೂ ಕಾಣುವಂತೆ ಕೂತಿರುತ್ತಾನೆ, ಯಾವಾಗ ಬೇಕಾದರೂ ಬೆಲೆ ಕೊಟ್ಟು ಕರೆಯಬಹುದು. ಉಳಿದ 99ರಲ್ಲಿ ಯಾವುದೂ ಎರಡು ಸಲ ಬರುವಂತಿಲ್ಲ. ಸಾಮಾನ್ಯ ನೆಲದ ಎಲೆಗಳಿಗೆ ಮಾತ್ರ ವಿನಾಯಿತಿ. ನೆಲವೆಂದರೆ ಹೊಲವಿದ್ದ ಹಾಗೆ. ಸರದಿಗೊಂದು ನೆಲ ಹಾಸಬಹುದು, ಹಾಸಿದ ನೆಲ ಪ್ರತಿ ಸರದಿಯಲ್ಲೂ ಒಂದು ಕಾಸು ದುಡಿಯುತ್ತದೆ, ಆ ಕಾಸಿನಿಂದ ಉಳಿದ ಎಲೆಗಳನ್ನು ಕರೆಯಬೇಕು. ಕೈಗೆ ಏಳು ಎಲೆ, ಸರದಿಗೆ ಮತ್ತೊಂದು. ಒಬ್ಬೊಬ್ಬರಿಗೂ ನಲವತ್ತು ಪ್ರಾಣ. ಕೊನೆಗೆ ಉಳಿದವನು ಗೆದ್ದ. ಒಬ್ಬರಿಗೊಬ್ಬರು ಜೊತೆಯಿಲ್ಲ, ಆದರೆ ಮಾತಿನಲ್ಲಿ ಜೊತೆ ಮಾಡಿಕೊಳ್ಳಬಹುದು, ಮುರಿಯಬಹುದು.

ಶುಕ್ರವಾರ ಸಂಜೆ ಅವನನ್ನು ಅಂಗಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಊರಿನ ಒಂದು ಮೂಲೆಯಲ್ಲಿ ಎಲೆಗಳನ್ನೇ ಮಾರುವ ಅಂಗಡಿ. ಒಳಗೆ ನಮ್ಮ ಮದುವೆ ಛತ್ರದ ಊಟದ ಸಾಲಿನಂತೆ ಉದ್ದನೆಯ ಮೇಜುಗಳು. ಗಡ್ಡ ಬಿಟ್ಟ ಇಂಜಿನಿಯರುಗಳಿಂದ ಹಿಡಿದು ಮೀಸೆ ಮೂಡದ ಹುಡುಗರವರೆಗೆ ನಾಲ್ಕು ನಾಲ್ಕು ಜನ ಕೂತಿರುತ್ತಾರೆ. ನಮ್ಮವನ ಮೇಜಿನಲ್ಲಿ ಕೊರಿಯದವರ ಹುಡುಗ ಒಬ್ಬ, ಮೆಕ್ಸಿಕೋ ಮೂಲದ ಹುಡುಗಿ ಒಬ್ಬಳು, ತೆಲುಗರ ಹುಡುಗ ಒಬ್ಬ. ಕೊರಿಯದ ಹುಡುಗನದು ಅಳಿಲುಗಳ ಕಟ್ಟು. ನಗಬೇಡಿ, ಒಂದು ಕಟ್ಟಿನ ತುಂಬ ಅಳಿಲುಗಳನ್ನೇ ಸಾಕಿದ್ದ.

ನಮ್ಮ ಹುಡುಗನದು ಡ್ರ್ಯಾಗನ್‌ಗಳ ಕಟ್ಟು. ದಳಪತಿ ಉರ್-ಡ್ರ್ಯಾಗನ್ ಎಂಬ ಮಹಾಶಯ. ಅವನನ್ನು ಕರೆಯಲು ಐದು ಬಣ್ಣಗಳೂ ಬೇಕು, ಒಟ್ಟು ಒಂಬತ್ತು ಕಾಸು ಬೇಕು. ಚಿತ್ರಗಳಂತೂ ಭವ್ಯ. ಮೊದಲ ಶುಕ್ರವಾರ ಒಂದೂವರೆ ಗಂಟೆ ಆಟ ನಡೆಯಿತು. ನಮ್ಮವನು ಹಾಸಿದ್ದು ಮೂರು ನೆಲ. ಸರದಿ ಮುಗಿದಾಗ ಏಳಕ್ಕಿಂತ ಹೆಚ್ಚು ಎಲೆ ಕೈಯಲ್ಲಿ ಉಳಿಸಿಕೊಳ್ಳುವಂತಿಲ್ಲವಾದ್ದರಿಂದ ಒಂದೊಂದಾಗಿ ಡ್ರ್ಯಾಗನ್‌ಗಳನ್ನು ಎಸೆಯುತ್ತ ಕೂತಿದ್ದ. ಯಾರೂ ಅವನನ್ನು ಹೊಡೆಯಲೂ ಇಲ್ಲ. ಹೊಡೆಸಿಕೊಳ್ಳುವಷ್ಟು ಕೂಡ ಅವನು ಆಟದಲ್ಲಿರಲಿಲ್ಲ. ಕಾರಿನಲ್ಲಿ ಹಿಂದಿರುಗುವಾಗ ಮಾತಿಲ್ಲ.

“ಎಷ್ಟು ನೆಲ ಇಟ್ಟಿದ್ದೀಯ?” ಎಂದೆ.

“ಇಪ್ಪತ್ತೆಂಟು, ತಾತ. ಡ್ರ್ಯಾಗನ್ ಬಿಡೋಕೆ ಮನಸ್ಸು ಬರಲ್ಲ.”

ನಿವೃತ್ತನಾದ ಮೇಲೆ ಮೊದಲ ಬಾರಿಗೆ ಒಬ್ಬ ವಿದ್ಯಾರ್ಥಿ ಕೈಗೆ ಸಿಕ್ಕಿದ್ದ. ರಾತ್ರಿ ಊಟವಾದ ಮೇಲೆ ಪೆನ್ಸಿಲು ಹಿಡಿದು ಕೂತೆ. 99ರಲ್ಲಿ 28 ನೆಲವಿದ್ದರೆ, ಮೊದಲ ಏಳೆಲೆಯಲ್ಲಿ ನೆಲವೇ ಇಲ್ಲದಿರುವ ಅಥವಾ ಒಂದೇ ಇರುವ ಸಂಭವ ನೂರಕ್ಕೆ ಸುಮಾರು 36. ಮೂರು ಸಲ ಕೂತರೆ ಒಂದು ಸಲ ಎಡವಟ್ಟು ಕೈ! 37 ನೆಲವಿಟ್ಟರೆ ಅದೇ ಸಂಭವ 19ಕ್ಕೂ ಕೆಳಗೆ ಇಳಿಯುತ್ತದೆ. ಹುಡುಗ ಕಂಪ್ಯೂಟರಿನಲ್ಲಿ ತಾಳೆ ನೋಡಿ, “ಕರೆಕ್ಟ್” ಎಂದ, ಪರೀಕ್ಷಕರ ಧಾಟಿಯಲ್ಲಿ.

ಇನ್ನೊಂದು ಲೆಕ್ಕವನ್ನೂ ತೋರಿಸಿದೆ. ಕಟ್ಟಿನಲ್ಲಿ ಯಾವುದಾದರೂ ಒಂದೇ ಒಂದು ಎಲೆಯನ್ನು ನೆಚ್ಚಿಕೊಂಡರೆ, ಮೊದಲ ಹತ್ತು ಎಲೆಗಳೊಳಗೆ ಅದು ಕೈಗೆ ಬರುವುದು ಹತ್ತಕ್ಕೆ ಒಂದು ಸಲ. ಒಂದೇ ಎಲೆಯ ಪ್ರತಿಗಳನ್ನು ಇಡುವಂತಿಲ್ಲ, ನಿಜ. ಆದರೆ ಹೆಸರು ಬೇರೆಯಾಗಿ ಕೆಲಸ ಒಂದೇ ಆದ ಎಲೆಗಳನ್ನು ಇಡಬಹುದಲ್ಲ? ಅಂಥವು ಐದಿದ್ದರೆ ನೂರಕ್ಕೆ 42 ಸಲ ಒಂದಾದರೂ ಬರುತ್ತದೆ. ಹತ್ತಿದ್ದರೆ 67 ಸಲ. ಆದ್ದರಿಂದ 37 ನೆಲ. ನೆಲದ ದುಡಿಮೆಯನ್ನು ಬೇಗ ಹೆಚ್ಚಿಸುವ ಹತ್ತು. ಮತ್ತಷ್ಟು ಎಲೆ ಕೈಗೆ ತಂದುಕೊಡುವ ಹತ್ತು. ಎದುರಾಳಿಯ ಕಾಟವನ್ನು ಒಡೆಯುವ ಹತ್ತು. ಒಟ್ಟು ಅರವತ್ತೇಳು. ಉಳಿದದ್ದು ಮೂವತ್ತೆರಡು. ಆಡಿ ಬಲ್ಲವರೂ ಹೆಚ್ಚು ಕಡಿಮೆ ಇದೇ ಲೆಕ್ಕವನ್ನು ಇಟ್ಟುಕೊಂಡಿರುತ್ತಾರೆಂದು ಆಮೇಲೆ ತಿಳಿಯಿತು. ನಾನು ನನ್ನಷ್ಟಕ್ಕೆ ಕಂಡುಕೊಂಡೆನೆಂಬ ಜಂಬ ಒಂದು ದಿನ ಮಾತ್ರ ಬಾಳಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಅಗತ್ಯವಿರುತ್ತಿರಲಿಲ್ಲ. ಆದರೆ ಗಣಿತದವನಿಗೆ ಒಂದು ಚಟವಿದೆ, ಉತ್ತರ ಬಂದ ಮೇಲೂ ಬಿಡುವುದಿಲ್ಲ. ಆ ಮೂವತ್ತೆರಡರ ಮೇಲೆ ನನ್ನ ಕಣ್ಣು ಬಿತ್ತು. ಡ್ರ್ಯಾಗನ್‌ಗಳನ್ನು ಬಿಡಿಸಿ ಹುಡುಗನನ್ನು ಕಪ್ಪು ಬಣ್ಣಕ್ಕೆ ಒಲಿಸಿದೆ. ಆ ಬಣ್ಣದಲ್ಲಿ ಸ್ಯಾಂಗ್ವಿನ್ ಬಾಂಡ್ ಎಂಬುದೊಂದು ಎಲೆ: ನಿನಗೆ ಎಷ್ಟು ಪ್ರಾಣ ಕೂಡಿತೋ ಅಷ್ಟನ್ನು ಎದುರಾಳಿಯೊಬ್ಬ ಕಳೆದುಕೊಳ್ಳುತ್ತಾನೆ. ಎಕ್ಸ್‌ಕ್ವಿಸಿಟ್ ಬ್ಲಡ್ ಎಂಬುದು ಇನ್ನೊಂದು: ಎದುರಾಳಿ ಎಷ್ಟು ಕಳೆದುಕೊಂಡನೋ ಅಷ್ಟು ನಿನಗೆ ಕೂಡುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಒಂದೇ ಒಂದು ಪ್ರಾಣ ಗಳಿಸಿದರೆ ಸಾಕು. ಅದು ಇದನ್ನು ತಳ್ಳಿ, ಇದು ಅದನ್ನು ತಳ್ಳಿ, ಗಾಣ ತಿರುಗಿದಂತೆ ತಿರುಗಿ ಮೇಜಿನ ಮೂವರೂ ಸಾಯುತ್ತಾರೆ.

ಆದರೆ ಎರಡೇ ಎಲೆ ಕೈಗೆ ಬರುವುದು ಯಾವಾಗ? ಅದಕ್ಕೂ ಉಪಾಯವಿದೆ. 1993ರ ಮೊದಲ ಕಂತಿನಲ್ಲೇ ಡೀಮಾನಿಕ್ ಟ್ಯೂಟರ್ ಎಂಬ ಎಲೆ ಬಂದಿತ್ತು. ಎರಡು ಕಾಸು ಕೊಟ್ಟರೆ ಇಡೀ ಕಟ್ಟನ್ನು ಹುಡುಕಿ ಬೇಕಾದ ಎಲೆಯನ್ನು ತೆಗೆದುಕೊಳ್ಳಬಹುದು. ಅದರಿಂದಾಗಿ ಹುಡುಕುವ ಎಲೆಗಳಿಗೆಲ್ಲ ಆಟಗಾರರು ಟ್ಯೂಟರ್ ಎಂದೇ ಹೆಸರಿಟ್ಟಿದ್ದಾರೆ. ಟ್ಯೂಟರ್! ಮನೆಪಾಠದ ಮೇಷ್ಟ್ರು! ನನಗೆ ಆದ ಆನಂದವನ್ನು ಹೇಗೆ ಹೇಳಲಿ? ಒಂದಲ್ಲ, ಹನ್ನೊಂದು ಮೇಷ್ಟ್ರುಗಳನ್ನು ಕಟ್ಟಿಗೆ ಸೇರಿಸಿದೆವು. ಅಂಗಡಿಯಲ್ಲಿ ಬಿಡಿಯಾಗಿ ಕೊಂಡೆವು. ಖರ್ಚೆಷ್ಟಾಯಿತೆಂಬುದನ್ನು ಅಳಿಯಂದಿರಿಗೆ ಇಂದಿಗೂ ತಿಳಿಸಿಲ್ಲ. ಈ ಪತ್ರಿಕೆ ಅವರ ಕೈಗೆ ಬೀಳದಿರಲಿ.

ಆ ಶುಕ್ರವಾರ ಗೆದ್ದೆವು. ‘ಗೆದ್ದೆವು’ ಎಂದೆನಲ್ಲವೆ? ಹಾಗೆಯೇ ಅನ್ನಿಸಿತ್ತು. ಏಳನೆಯ ಸುತ್ತಿನಲ್ಲಿ ಆಟ ಮುಗಿಯಿತು. ಇನ್ನೊಮ್ಮೆ ಆಡಿದರು, ಮತ್ತೆ ಏಳನೆಯ ಸುತ್ತು, ಮತ್ತೆ ಅದೇ ಎರಡು ಎಲೆ. ಮುಂದಿನ ವಾರವೂ ಅಷ್ಟೆ. ಆ ವಾರ ಕೊರಿಯದ ಹುಡುಗ ಬಹಳ ಚೆನ್ನಾಗಿ ಆಡಿದ್ದ. ಅವನ ಮುಂದೆ ಅಳಿಲುಗಳು ಹಿಂಡುಹಿಂಡಾಗಿ ನೆರೆದಿದ್ದವು. ಮುಂದಿನ ಸರದಿಗೆ ಏನೋ ಮಾಡುವವನಿದ್ದ, ಕಣ್ಣು ಹೊಳೆಯುತ್ತಿತ್ತು. ಆಗ ನಮ್ಮ ಗಾಣ ತಿರುಗಿತು. ಅವನು ಅಳಿಲುಗಳನ್ನು ನೋಡಿದ. ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕಿದ. “ನಾನು ಏನು ಮಾಡಬಹುದಾಗಿತ್ತು?” ಎಂದು ಯಾರನ್ನೂ ಉದ್ದೇಶಿಸದೆ ಕೇಳಿದ. ನಾನು ಮೇಜಿನ ಪಕ್ಕದಲ್ಲೇ ಕೂತಿದ್ದೆ. ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ: ನಾಲ್ಕನೆಯ ಸುತ್ತಿನಲ್ಲಿ ನೀನು ಹಾಗೆ ಮಾಡಬಾರದಿತ್ತು, ನಿನ್ನ ಕಟ್ಟಿನಲ್ಲಿ ಒಡೆಯುವ ಎಲೆಗಳು ಕಡಿಮೆ, ಲೆಕ್ಕ ಹಾಕಿದರೆ ನಿನಗೇ ತಿಳಿಯುತ್ತದೆ. ಹುಡುಗ ವಿನಯದಿಂದ ತಲೆಯಾಡಿಸಿದ. ಮೊಮ್ಮಗ ಬಗ್ಗಿ ನನ್ನ ಕಿವಿಯಲ್ಲಿ, “ತಾತ, ನೀನು ಹೇಳಿಕೊಡಬೇಡ” ಎಂದ. ಅವನ ಕನ್ನಡದಲ್ಲಿ ಬಹುವಚನವಿಲ್ಲ.

ಅದರ ಮುಂದಿನ ಶುಕ್ರವಾರ ಹೋದಾಗ ನಮ್ಮ ಮೇಜಿನ ನಾಲ್ಕನೆಯ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಮೂವರೂ ನಮ್ಮವನನ್ನು ನೋಡಿ ಕೈ ಬೀಸಿದರು, ನಕ್ಕರು, ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಜಾಗವಿರಲಿಲ್ಲ, ಅಷ್ಟೆ. ಒಂದರ್ಧ ಗಂಟೆ ನಿಂತು ನೋಡಿ, “ಹೋಗೋಣ ತಾತ, ಹಸಿವು” ಎಂದ. ಮನೆಗೆ ಬಂದ ಮೇಲೆ ಊಟ ಬೇಡವೆಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆಂದು ಹೇಳಬೇಕಾದರೆ ಮೈಸೂರಿನ ಜಗುಲಿಗೆ ಬರಬೇಕು.

ನಾವು ನಾಲ್ವರು. ಮೂಲೆಮನೆಯ ರಾಯರು, ಔಷಧಿ ಅಂಗಡಿಯವರು, ನಿವೃತ್ತ ಪೋಸ್ಟ್‌ಮಾಸ್ಟರು, ನಾನು. ಆಟ ರಮ್ಮಿ. ದುಡ್ಡಿನ ಮಾತಿಲ್ಲ; ಸೋತವರು ಮಾರನೆಯ ಸಂಜೆ ಬೋಂಡಾ ತರಬೇಕು. ನನಗೆ ಎಸೆದ ಎಲೆಯೆಲ್ಲ ನೆನಪಿರುತ್ತದೆ. ಅದು ನನ್ನ ತಪ್ಪಲ್ಲ, ಹುಟ್ಟುಗುಣ. ಪೋಸ್ಟ್‌ಮಾಸ್ಟರಿಗೆ ತಮ್ಮ ಕೈಯಲ್ಲಿರುವುದೇ ನೆನಪಿರುತ್ತಿರಲಿಲ್ಲ. ಆಟೀನಿನ ನಡುವೆ ಡೈಮಂಡು ಜೋಡಿಸಿಕೊಂಡು, ಊರಿನ ಸಮಾಚಾರ ಹೇಳುತ್ತ, ತಾವೇ ನಗುತ್ತ ಆಡುತ್ತಿದ್ದರು. ಅವರು ತಂದ ಬೋಂಡಾ ಎಷ್ಟು ತಿಂದಿದ್ದೇನೆಂಬುದಕ್ಕೆ ನನ್ನ ಬಳಿಯೂ ಲೆಕ್ಕವಿಲ್ಲ. ಪ್ರತಿ ಆಟ ಮುಗಿದ ಮೇಲೆ ನಾನು ಅವರ ಎಲೆಗಳನ್ನು ಮೇಜಿನ ಮೇಲೆ ಹರಡಿ, ಎಲ್ಲಿ ತಪ್ಪಿದರೆಂದು ತೋರಿಸುತ್ತಿದ್ದೆ. “ಮೂರು ಸುತ್ತಿನ ಹಿಂದೆ ನಾನು ಕಳಾವರ್ ಎಂಟು ಎತ್ತಿದೆ. ಈಗ ನೀವು ಕಳಾವರ್ ಏಳು ಎಸೆಯಬಹುದೆ?” ಪೋಸ್ಟ್‌ಮಾಸ್ಟರು, “ಹೌದಲ್ಲ ಮೇಷ್ಟ್ರೇ” ಎನ್ನುತ್ತಿದ್ದರು.

2018ರಲ್ಲಿ ಅವರು ಬರುವುದು ನಿಲ್ಲಿಸಿದರು. ಕಣ್ಣಿಗೆ ಪೊರೆ ಬಂದಿದೆ, ಎಲೆ ಕಾಣುವುದಿಲ್ಲ ಎಂದರು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೂ ಬರಲಿಲ್ಲ. ನಾವು ಮೂವರೇ ಆಡುತ್ತಿದ್ದೆವು. 2021ರಲ್ಲಿ ಅವರು ತೀರಿಕೊಂಡರು. ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋದಾಗ, ಅವರ ಹೆಂಡತಿ ಕಾಫಿ ತಂದಿಟ್ಟು, ಮಾತಿಗೆ ಮಾತು ಬಂದು ಹೇಳಿದರು: “ಅವರಿಗೆ ಕಣ್ಣು ಚೆನ್ನಾಗೇ ಇತ್ತು ಮೇಷ್ಟ್ರೇ. ಕೊನೇ ದಿನದವರೆಗೂ ಪೇಪರ್ ಓದ್ತಿದ್ರು. ಜಗುಲಿಗೆ ಹೋದರೆ ಸ್ಕೂಲಿಗೆ ಹೋದ ಹಾಗಾಗತ್ತೆ ಅಂತಿದ್ರು, ನಗ್ತಾ.” ಆಕೆಯೂ ನಗುತ್ತಲೇ ಹೇಳಿದರು. ನಾನೂ ನಕ್ಕು ಬಂದುಬಿಟ್ಟೆ. ನಾಲ್ಕು ವರ್ಷ ಆ ಮಾತನ್ನು ಒಂದು ತಮಾಷೆಯೆಂದೇ ಇಟ್ಟುಕೊಂಡಿದ್ದೆ.

ಬೆಳಿಗ್ಗೆ ಎದ್ದು ಮೊಮ್ಮಗನ ಕೋಣೆಗೆ ಹೋದೆ. ಕಟ್ಟು ಮೇಜಿನ ಮೇಲಿತ್ತು. “ಇದರಲ್ಲಿ ತಪ್ಪೆಲ್ಲಿದೆ?” ಎಂದು ಅವನನ್ನೇ ಕೇಳಿದೆ. ನಾನು ವಿದ್ಯಾರ್ಥಿಯನ್ನು ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

“ಬೋರ್,” ಎಂದ. “ನಂಗೂ ಬೋರ್.”

“ಮತ್ತೆ ಡ್ರ್ಯಾಗನ್ ಕಟ್ಟು?”

“ಅದರಲ್ಲಿ ಏನೂ ಆಗಲ್ಲ. ಇದರಲ್ಲಿ ಯಾವಾಗಲೂ ಒಂದೇ ಆಗತ್ತೆ.”

ಬಾಗಿಲಲ್ಲಿ ಬೀನ್ಸಿನ ನಾರು ತೆಗೆಯುತ್ತ ನಿಂತಿದ್ದ ನಮ್ಮಾಕೆ ಇದನ್ನೆಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. “ಇದಕ್ಕೆ ಅಷ್ಟೊಂದು ಯೋಚನೆ ಏನು? ಅನ್ನ ಸಾರು ದಿನಾ ಇರಬೇಕು. ಪಲ್ಯವೂ ದಿನಾ ಒಂದೇ ಆದರೆ ಯಾರು ಊಟಕ್ಕೆ ಕೂರ್ತಾರೆ?” ಎಂದು ಒಳಗೆ ಹೋದಳು.

ಮೂವತ್ತನಾಲ್ಕು ವರ್ಷದ ಅಧ್ಯಾಪಕನಿಗೆ ಹೊಳೆಯದಿದ್ದದ್ದು ಅದು. ತಪ್ಪು ಅರವತ್ತೇಳರಲ್ಲಿರಲಿಲ್ಲ, ಅದು ಅನ್ನ ಸಾರು. ನೆಲ ಸಾಕಷ್ಟಿರಲೇಬೇಕು, ಕೈ ಖಾಲಿಯಾಗಬಾರದು; ಇಲ್ಲದಿದ್ದರೆ ಹುಡುಗ ಮತ್ತೆ ಕೈಕಟ್ಟಿ ಕೂರುತ್ತಾನೆ. ಕೆಡಿಸಿದ್ದು ಆ ಮೂವತ್ತೆರಡನ್ನು. ನೂರೆಲೆಯಲ್ಲಿ ಒಂದರಂತೆ ಇನ್ನೊಂದು ಇರಬಾರದೆಂದು ನಿಯಮ ಮಾಡಿದವರು ಪ್ರತಿ ಆಟವೂ ಬೇರೆಯಾಗಲಿ ಎಂದೇ ಅಲ್ಲವೆ ಮಾಡಿದ್ದು? ಆ ನಿಯಮವನ್ನು ಮುರಿಯದೆಯೇ ಮುರಿಯುವುದಕ್ಕೆ ಹನ್ನೊಂದು ಮೇಷ್ಟ್ರುಗಳನ್ನು ಕಾವಲಿಟ್ಟಿದ್ದೆ. ಇಂಥದಕ್ಕೆ ಕಂಪನಿಯವರೇ ಆ ವರ್ಷದ ಫೆಬ್ರವರಿಯಲ್ಲಿ ಒಂದು ಏರ್ಪಾಡು ಮಾಡಿದ್ದರಂತೆ: ಕಟ್ಟುಗಳ ಬಲಕ್ಕೆ ತಕ್ಕಂತೆ ಐದು ಮೆಟ್ಟಿಲು, ಕೂರುವ ಮೊದಲೇ ನಿನ್ನದು ಯಾವ ಮೆಟ್ಟಿಲೆಂದು ಹೇಳಿಕೊಳ್ಳಬೇಕು. ಎರಡೆಲೆಯ ಗಾಣಗಳಿಗೆ ಕೆಳಗಿನ ಮೆಟ್ಟಿಲುಗಳಲ್ಲಿ ಜಾಗವಿಲ್ಲ. ಒಳ್ಳೆಯ ಏರ್ಪಾಡೇ. ಆದರೆ ನನ್ನಂಥವನು ಯಾವ ಮೆಟ್ಟಿಲ ಮೇಲೆ ನಿಲ್ಲಿಸಿದರೂ ಅಲ್ಲಿಂದ ಒಂದು ಸುರಂಗ ತೋಡುತ್ತಾನೆ.

“ಮೇಷ್ಟ್ರುಗಳನ್ನೆಲ್ಲ ತೆಗೆದುಬಿಡು” ಎಂದೆ.

ಹುಡುಗ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಸರಸರನೆ ತೆಗೆದ.

ಹೊಸ ದಳಪತಿಯನ್ನು ಅವನೇ ಆರಿಸಿದ. ನಾನು ಕೈ ಹಾಕಲಿಲ್ಲ; ಹಾಕದಿರುವುದಕ್ಕಾಗಿ ಎರಡು ಸಲ ಕೋಣೆಯಿಂದ ಎದ್ದು ಹೋದೆ. ಆರಿಸಿದ್ದು 2011ರ ಮೊದಲ ಸಿದ್ಧ ಕಟ್ಟುಗಳಲ್ಲಿ ಬಂದ ಜ಼ೆಡ್ರೂ ಎಂಬ ಕೊಂಬಿನ ಸನ್ಯಾಸಿನಿಯನ್ನು. ಅವಳ ಗುಣ ವಿಚಿತ್ರ: ಮೂರು ಕಾಸು ಕೊಟ್ಟರೆ ನಿನ್ನ ಮುಂದಿರುವ ಒಂದು ಎಲೆಯನ್ನು ಎದುರಾಳಿಗೆ ದಾನ ಮಾಡಬಹುದು. ನಿನ್ನದಾಗಿದ್ದು ಈಗ ಪರರ ಬಳಿ ಇರುವ ಎಲೆಗಳು ಎಷ್ಟೋ, ಪ್ರತಿ ಸರದಿಯ ಮೊದಲಲ್ಲಿ ಅಷ್ಟು ಪ್ರಾಣ, ಅಷ್ಟು ಹೊಸ ಎಲೆ ನಿನಗೆ. ಕೊಟ್ಟಷ್ಟೂ ಬರುತ್ತದೆ. ಪುರಾಣ ಕೇಳಿದವರಿಗೆ ಇದು ಹೊಸದಲ್ಲ, ಆದರೆ ಎಲೆಯಾಟದಲ್ಲಿ ಕಂಡದ್ದು ನಾನು ಇದೇ ಮೊದಲು. ದಳಪತಿ ಯಾವಾಗಲೂ ಕಣ್ಣೆದುರಿಗೇ ಇರುವುದರಿಂದ ಹುಡುಕುವ ಎಲೆ ಬೇಕಿಲ್ಲ. ಪ್ರತಿ ಆಟದಲ್ಲೂ ದಾನ ನಡೆದೇ ನಡೆಯುತ್ತದೆ. ಏನನ್ನು, ಯಾರಿಗೆ, ಯಾವಾಗ ಎಂಬುದು ಮಾತ್ರ ಬೇರೆ ಬೇರೆ. ಮೂವತ್ತೆರಡರಲ್ಲಿ ಅವನು ಕೊಡತಕ್ಕ ವಸ್ತುಗಳನ್ನು ತುಂಬಿದ. ಎಲ್ಲವೂ ಒಳ್ಳೆಯವೇ ಎಂದಲ್ಲ. ಕೆಲವು, ನಮ್ಮಲ್ಲಿ ಮದುವೆ ಮನೆಯಿಂದ ಮದುವೆ ಮನೆಗೆ ಸುತ್ತುವ ಗೋಡೆ ಗಡಿಯಾರಗಳಂಥವು, ಪಡೆದವನಿಗೇ ಕಷ್ಟ. ಹೌಲಿಂಗ್ ಮೈನ್ ಎಂಬ 1993ರ ಹಳೆಯ ಎಲೆಯೂ ಸೇರಿತು. ಅದು ಮೇಜಿನ ಮೇಲಿದ್ದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಸರದಿಯಲ್ಲಿ ಒಂದೆಲೆ ಹೆಚ್ಚಾಗಿ ತೆಗೆದುಕೊಳ್ಳಬಹುದು.

ನೆಲ 37 ಇದೆಯೇ ಎಂದು ಮಾತ್ರ ನಾನು ಎಣಿಸಿ ನೋಡಿದೆ. ಅಷ್ಟು ಸ್ವಾತಂತ್ರ್ಯ ನನಗೂ ಇರಬೇಡವೆ?

ಮುಂದಿನ ಶುಕ್ರವಾರ ಬೇಗನೆ ಹೋದೆವು. ಮೊಮ್ಮಗ ಮೇಜಿನ ಬಳಿ ನಿಂತು, “ಹೊಸ ಕಟ್ಟು. ಗಾಣ ಇಲ್ಲ” ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ. ಅಳಿಲಿನ ಹುಡುಗ ಬೆನ್ನುಚೀಲವನ್ನು ಕುರ್ಚಿಯ ಮೇಲಿಂದ ಎತ್ತಿ ಕೆಳಗಿಟ್ಟ. ನಾನು ಮೇಜಿನ ಪಕ್ಕದಲ್ಲಿ ಕೂರದೆ ಗೋಡೆಯ ಬಳಿ ಹೋಗಿ ಕೂತೆ. ಅಲ್ಲಿಂದ ಎಲೆ ಕಾಣುವುದಿಲ್ಲ, ಮುಖ ಕಾಣುತ್ತದೆ. ಮೂವತ್ತನಾಲ್ಕು ವರ್ಷ ಕಪ್ಪು ಹಲಗೆಯ ಕಡೆಗೇ ಹೆಚ್ಚು ತಿರುಗಿಕೊಂಡಿದ್ದವನಿಗೆ ಅದೂ ಒಂದು ಹೊಸ ನೋಟ. ನಮ್ಮವನು ಹೌಲಿಂಗ್ ಮೈನನ್ನು ಹುಡುಗಿಗೆ ದಾನ ಮಾಡಿದ. ಅವಳು ಎದ್ದು ನಿಂತು ಸ್ವೀಕರಿಸಿದಳು. ತೆಲುಗರ ಹುಡುಗನಿಗೆ ಏನೋ ಒಂದು ಪೀಡೆ ಕೊಟ್ಟ. ಅವನು ಕೂಗಾಡಿದ, ಮೇಜೆಲ್ಲ ನಕ್ಕಿತು. ಕೊಡುವವನನ್ನು ಹೊಡೆಯುವುದು ಹೇಗೆಂದು ಬಹಳ ಹೊತ್ತು ಯಾರೂ ಅವನ ಮೇಲೆ ಬೀಳಲಿಲ್ಲ. ಕೊನೆಗೆ ಅಳಿಲುಗಳು ಬಿದ್ದವು. ಎರಡನೆಯವನಾಗಿ ಸತ್ತ. ಸತ್ತ ಮೇಲೂ ಏಳಲಿಲ್ಲ. ಮೊಣಕೈ ಊರಿ, ಅಳಿಲು ಗೆಲ್ಲುತ್ತದೋ ಹುಡುಗಿಯ ಬೇತಾಳಗಳು ಗೆಲ್ಲುತ್ತವೋ ಎಂದು ನೋಡುತ್ತ ಕೂತ. ಅಂಗಡಿಯವನು ಒಂದೊಂದೇ ದೀಪ ಆರಿಸುತ್ತ ಬಂದ. ಅಳಿಲುಗಳು ಗೆದ್ದವು.

ಕಾರಿನಲ್ಲಿ, “ಮೂರನೇ ಸುತ್ತಿನಲ್ಲಿ ನೀನು ಅಳಿಲಿನವನನ್ನು ತಡೆಯಬಹುದಾಗಿತ್ತು. ಪಾಪ ಅಂತ ಬಿಟ್ಟೆಯಾ?” ಎಂದು ಕೇಳಿದೆ. ಅದು ಪಾಠವಲ್ಲ, ಬರಿಯ ಕುತೂಹಲ.

“ಇಲ್ಲ ತಾತ! ಬೇಕೂಂತ ಸೋಲೋದು ಮೋಸ. ಪೂರ್ತಿ ಆಡಿದೆ,” ಎಂದ, ಸ್ವಲ್ಪ ಸಿಟ್ಟಿನಿಂದಲೇ. ಆಮೇಲೆ ದಾರಿಯುದ್ದಕ್ಕೂ ಆಟದ ವರ್ಣನೆ. ಮನೆಗೆ ಬಂದು ಎರಡು ಸಲ ಅನ್ನ ಹಾಕಿಸಿಕೊಂಡ.

ಆಗಸ್ಟಿನಲ್ಲಿ ನಾವು ಹೊರಟಾಗ ವಿಮಾನ ನಿಲ್ದಾಣದಲ್ಲಿ ಹುಡುಗ ನನ್ನ ಜೇಬಿಗೆ ಏನೋ ತುರುಕಿದ. ಮೇಲೆ ಹೋದ ಮೇಲೆ ತೆಗೆದು ನೋಡಿದೆ; ಲಕೋಟೆ ತೊಡಿಸಿದ ಒಂದು ಎಲೆ. ಡೀಮಾನಿಕ್ ಟ್ಯೂಟರ್. ನಮ್ಮಾಕೆ ಚಿತ್ರವನ್ನು ನೋಡಿ, “ಇದು ಯಾವ ದೆವ್ವ?” ಎಂದಳು.

ಈಗ ಅದು ನನ್ನ ಇಸ್ಪೀಟಿನ ಡಬ್ಬದಲ್ಲಿದೆ. ಊರಿಗೆ ಬಂದ ಮಾರನೆಯ ಸಂಜೆ ಮೂಲೆಮನೆಯ ರಾಯರು ಜಗುಲಿಯ ಮೇಲೆ ಚಾಪೆ ಹಾಕಿ ಕಾಯುತ್ತಿದ್ದರು. ಔಷಧಿ ಅಂಗಡಿಯವರು ಬಂದರು. ಅವರ ಜೊತೆಗೆ ಇತ್ತೀಚೆಗೆ ನಿವೃತ್ತರಾದ ಅವರ ಷಡ್ಡಕರೂ ಬಂದರು, ರಮ್ಮಿ ಅಷ್ಟಾಗಿ ಬರುವುದಿಲ್ಲವೆಂದು ಮೊದಲೇ ಹೇಳಿಕೊಂಡು. ಎರಡನೆಯ ಆಟದಲ್ಲಿ ನಾನು ಇಸ್ಪೀಟಿನ ಒಂಬತ್ತು ಎತ್ತಿಕೊಂಡದ್ದನ್ನು ನೋಡಿಯೂ ಆ ಷಡ್ಡಕರು ಇಸ್ಪೀಟಿನ ಹತ್ತನ್ನು ಎಸೆದರು. ನಾನು ಎತ್ತಿಕೊಂಡು ಆಟ ಮುಗಿಸಿದೆ. ಎಲೆಗಳನ್ನು ಒಟ್ಟುಮಾಡಿ ರಾಯರ ಕಡೆಗೆ ತಳ್ಳಿದೆ.

ರಾಯರು ಕಲಸಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತ ಕಾದರು. ಔಷಧಿ ಅಂಗಡಿಯವರೂ ಕಾದರು.

“ಯಾಕೆ ಮೇಷ್ಟ್ರೇ, ಸುಮ್ಮನಿದ್ದೀರಿ? ಮೈ ಸರಿಯಿಲ್ಲವೆ?” ಎಂದರು ರಾಯರು.

“ಏನಿಲ್ಲ,” ಎಂದೆ. “ಕಲಸಿ.”